ಪಾಂಟಿಯಾಕ್: ಸ್ವಂತ ಎಂಜಿನ್ ಕಳೆದುಕೊಂಡ ಬ್ರ್ಯಾಂಡಿನ ಕತೆ

2009ರ ಏಪ್ರಿಲ್ 27ರಂದು ಜನರಲ್ ಮೋಟಾರ್ಸ್ ಮುಖ್ಯಸ್ಥ ಫ್ರಿಟ್ಜ್ ಹೆಂಡರ್ಸನ್ ಪಾಂಟಿಯಾಕ್ ಬ್ರ್ಯಾಂಡನ್ನು ಮುಚ್ಚುವುದಾಗಿ ಹೇಳಿದರು. ಹಿಂದಿನ ವರ್ಷ, ಅಂದರೆ 2008ರಲ್ಲಿ, ಅಮೆರಿಕದಲ್ಲಿ 2,67,000ಕ್ಕೂ ಹೆಚ್ಚು ಪಾಂಟಿಯಾಕ್ ಕಾರುಗಳು ಮಾರಾಟವಾಗಿದ್ದವು. ಅದೇ ವರ್ಷ, ಅದೇ ಕಂಪನಿಯ ಬ್ಯೂಕ್ ಮಾರಾಟವಾದದ್ದು 1,37,000 ಚಿಲ್ಲರೆ. ಹೆಚ್ಚುಕಡಿಮೆ ಅರ್ಧ. ಆದರೂ ಬ್ಯೂಕ್ ಉಳಿಯಿತು, ಪಾಂಟಿಯಾಕ್ ಹೋಯಿತು.

ಇದನ್ನು 2008ರ ಆರ್ಥಿಕ ಬಿಕ್ಕಟ್ಟಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಬಿಕ್ಕಟ್ಟು ಬರದಿದ್ದರೆ ಇನ್ನೂ ಕೆಲವು ವರ್ಷ ಓಡುತ್ತಿತ್ತೇನೋ. ಆದರೆ ಕಾಯಿಲೆ ಅದಕ್ಕಿಂತ ತುಂಬಾ ಹಳೆಯದು ಅಂತ ನನಗೆ ಅನಿಸುತ್ತದೆ. ಪಾಂಟಿಯಾಕ್ ಕೈಯಿಂದ ಮೊದಲು ಕಾರು ಜೋಡಿಸುವ ಕಾರ್ಖಾನೆಗಳು ಹೋದವು. ಆಮೇಲೆ ಎಂಜಿನ್ ಹೋಯಿತು. ಕೊನೆಗೆ ಎಂಜಿನಿಯರುಗಳೂ ಹೋದರು. ಆಗ ಉಳಿದದ್ದು ಬಾನೆಟ್ ಮೇಲಿನ ಲಾಂಛನ ಮತ್ತು ಜಾಹೀರಾತು ಮಾತ್ರ. ಈ ಬರಹ ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವ ಪ್ರಯತ್ನ.

ಮೊದಲ ಮೂವತ್ತು ವರ್ಷ

ಮಿಶಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿ 1907ರಲ್ಲಿ ಓಕ್‌ಲ್ಯಾಂಡ್ ಎಂಬ ಕಾರು ಕಂಪನಿ ಶುರುವಾಯಿತು. ಡೆಟ್ರಾಯಿಟ್ ಸುತ್ತಮುತ್ತ, ಟ್ರಾಯ್, ನೋವೈ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಊರು ಗೊತ್ತಿರುತ್ತದೆ. ಡೆಟ್ರಾಯಿಟ್‌ನಿಂದ ವುಡ್‌ವರ್ಡ್ ಅವೆನ್ಯೂ ಹಿಡಿದು ಹೊರಟರೆ ಸುಮಾರು 40 ಕಿ.ಮೀ. 1763ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಒಡಾವಾ ಬುಡಕಟ್ಟಿನ ನಾಯಕ ಪಾಂಟಿಯಾಕ್ ಹೆಸರನ್ನೇ ಊರಿಗೆ ಇಟ್ಟಿದ್ದರು.

1909ರಲ್ಲಿ ಜನರಲ್ ಮೋಟಾರ್ಸ್ ಓಕ್‌ಲ್ಯಾಂಡನ್ನು ಕೊಂಡುಕೊಂಡಿತು. ಇನ್ನು ಮುಂದೆ ಅದನ್ನು ಜಿಎಂ ಎನ್ನೋಣ. 1926ರಲ್ಲಿ ಓಕ್‌ಲ್ಯಾಂಡ್‌ಗೆ ಜೊತೆಯಾಗಿ ಕಡಿಮೆ ಬೆಲೆಯ ಪಾಂಟಿಯಾಕ್ ಬಂತು. ಜಿಎಂ ಆಗ ಇಂತಹ ಜೊತೆ ಬ್ರ್ಯಾಂಡುಗಳನ್ನು ಹಲವು ಮಾಡಿತ್ತು. ತನಗೆ ಜನ್ಮ ಕೊಟ್ಟ ಬ್ರ್ಯಾಂಡಿಗಿಂತ ಜಾಸ್ತಿ ಕಾಲ ಬದುಕಿದ್ದು ಪಾಂಟಿಯಾಕ್ ಒಂದೇ. 1931ಕ್ಕೆ ಓಕ್‌ಲ್ಯಾಂಡ್ ಮುಗಿಯಿತು.

ಆಮೇಲಿನ 25 ವರ್ಷ ಪಾಂಟಿಯಾಕ್ ಗಟ್ಟಿಮುಟ್ಟಾದ, ಸಪ್ಪೆ ಕಾರು. ಷೆವರ್ಲೆಗಿಂತ ಒಂದು ಮೆಟ್ಟಿಲು ಮೇಲೆ ಹೋಗಬೇಕು ಎನ್ನುವ ಸಂಸಾರಸ್ಥರು ಕೊಳ್ಳುತ್ತಿದ್ದರು. ಆ ಕಾಲದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಬೇಕು. ಆಗಿನ ಜಿಎಂನಲ್ಲಿ ಷೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ಕ್ಯಾಡಿಲಾಕ್ ಐದೂ ಹೆಚ್ಚುಕಡಿಮೆ ಪ್ರತ್ಯೇಕ ಕಂಪನಿಗಳಂತೆ ನಡೆಯುತ್ತಿದ್ದವು. ಬಾಡಿ ಹಂಚಿಕೊಂಡರೂ ಪ್ರತಿಯೊಬ್ಬರಿಗೂ ಸ್ವಂತ ಎಂಜಿನ್, ಸ್ವಂತ ಎಂಜಿನಿಯರಿಂಗ್ ವಿಭಾಗ, ಸ್ವಂತ ಮಾರಾಟ ವಿಭಾಗ ಇತ್ತು. ಅವು ಒಂದಕ್ಕೊಂದು ಪೈಪೋಟಿಗೆ ಬೀಳುತ್ತಿದ್ದವು. 1955ರಲ್ಲಿ ಪಾಂಟಿಯಾಕ್ ತನ್ನದೇ ಹೊಸ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ ತಂದಿತು. ಮುಂದಿನ ಕತೆಯೆಲ್ಲ ನಿಂತಿರುವುದು ಆ ಎಂಜಿನ್ ಮೇಲೆ.

ಬಂಕಿ ಕನೂಡ್ಸನ್ ಬಂದರು

1956ರಲ್ಲಿ ಸೈಮನ್ ‘ಬಂಕಿ’ ಕನೂಡ್ಸನ್ ಪಾಂಟಿಯಾಕ್ ವಿಭಾಗದ ಮುಖ್ಯಸ್ಥರಾದರು. ವಯಸ್ಸು 43. ಅವರ ತಂದೆ ವಿಲಿಯಂ ಕನೂಡ್ಸನ್ ಹಿಂದೆ ಜಿಎಂ ಅಧ್ಯಕ್ಷರಾಗಿದ್ದವರು. ಹುಡುಗರ ಕಾರನ್ನು ಹಿರಿಯರಿಗೆ ಮಾರಬಹುದು, ಹಿರಿಯರ ಕಾರನ್ನು ಹುಡುಗರಿಗೆ ಮಾರಲಾಗದು ಎನ್ನುವ ಮಾತು ಬಂಕಿ ಹೆಸರಿನಲ್ಲೇ ಇವತ್ತಿಗೂ ಓಡಾಡುತ್ತಿದೆ. ಬಂದ ತಕ್ಷಣ ಅವರು ಬಾನೆಟ್ ಮೇಲಿದ್ದ ಬೆಳ್ಳಿ ಪಟ್ಟಿಗಳನ್ನು ಕಿತ್ತು ಹಾಕಿಸಿದರು. 1935ರಿಂದ ಪಾಂಟಿಯಾಕ್ ಗುರುತಾಗಿದ್ದ ಪಟ್ಟಿಗಳು ಅವು. ಜೊತೆಗೆ ಓಲ್ಡ್ಸ್‌ಮೊಬೈಲ್‌ನಿಂದ ಪೀಟ್ ಎಸ್ಟಿಸ್ ಅವರನ್ನೂ ಪ್ಯಾಕಾರ್ಡ್ ಎಂಬ ಇನ್ನೊಂದು ಕಾರು ಕಂಪನಿಯಿಂದ ಜಾನ್ ಡಿಲೋರಿಯನ್ ಅವರನ್ನೂ ಕರೆತಂದರು. ಈ ಮೂವರೂ ಒಬ್ಬರ ನಂತರ ಒಬ್ಬರು ಪಾಂಟಿಯಾಕ್ ಮುಖ್ಯಸ್ಥರಾದರು. ಮೂವರೂ ಎಂಜಿನಿಯರಿಂಗ್ ಹಿನ್ನೆಲೆಯವರು.

1959ರ ಕಾರಿನ ಬಾಡಿ ಹಿಂದಿನದಕ್ಕಿಂತ ಅಗಲವಾಗಿತ್ತು. ಹಳೆಯ ಚಾಸಿಸ್ ಮೇಲೆ ಕೂರಿಸಿದಾಗ ಚಕ್ರಗಳು ಒಳಗೆ ಸೇರಿಕೊಂಡು ನೋಡಲು ಚೆನ್ನಾಗಿರಲಿಲ್ಲ. ಕನೂಡ್ಸನ್ ಚಕ್ರಗಳನ್ನು ಹೊರಗೆ ತರಿಸಿದರು. ಎಡಚಕ್ರ ಬಲಚಕ್ರಗಳ ನಡುವಿನ ಅಂತರ ಸುಮಾರು 5 ಇಂಚು ಹೆಚ್ಚಾಯಿತು. ನೋಟ ಸರಿಹೋಯಿತು, ಜೊತೆಗೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಯಿತು. ‘ವೈಡ್ ಟ್ರ್ಯಾಕ್’ ಎಂಬ ಘೋಷಣೆ ಹುಟ್ಟಿದ್ದು ಹೀಗೆ. ಮೊದಲು ಕಾರಿನಲ್ಲಿ ಏನೋ ನಿಜವಾಗಿ ಬದಲಾಯಿತು, ಮಾತು ಆಮೇಲೆ ಬಂತು. ಪಾಂಟಿಯಾಕ್ ಚೆನ್ನಾಗಿದ್ದ ದಿನಗಳಲ್ಲೆಲ್ಲ ಇದೇ ಕ್ರಮ.

ರೇಸಿಂಗ್ ಕೂಡ ಹಾಗೆಯೇ. ಕಾರು ಕಂಪನಿಗಳೆಲ್ಲ 1957ರಲ್ಲಿ ರೇಸಿಂಗ್‌ನಿಂದ ದೂರ ಉಳಿಯಲು ಒಪ್ಪಿಕೊಂಡಿದ್ದವು. ಪಾಂಟಿಯಾಕ್ ಮಾತ್ರ ಹಿಂಬಾಗಿಲಿನಿಂದ ‘ಸೂಪರ್ ಡ್ಯೂಟಿ’ ಹೆಸರಿನ ಬಿಡಿಭಾಗಗಳನ್ನು ರೇಸಿನವರಿಗೆ ಕೊಡುತ್ತಲೇ ಇತ್ತು. 1961ರಲ್ಲಿ ಅಮೆರಿಕದ ದೊಡ್ಡ ಕಾರು ರೇಸ್ ಸರಣಿಯಾದ ನಾಸ್ಕಾರ್‌ನ 52 ರೇಸುಗಳಲ್ಲಿ 30ನ್ನು ಪಾಂಟಿಯಾಕ್ ಗೆದ್ದಿತು. 1962ರ ಡೇಟೋನಾ 500 ಅನ್ನು ಫೈರ್‌ಬಾಲ್ ರಾಬರ್ಟ್ಸ್ ಪಾಂಟಿಯಾಕ್‌ನಲ್ಲೇ ಗೆದ್ದರು. ಮಾರಾಟದಲ್ಲಿ ಆರನೇ ಸ್ಥಾನದಲ್ಲಿದ್ದ ಬ್ರ್ಯಾಂಡು 1962ರ ಹೊತ್ತಿಗೆ ಷೆವರ್ಲೆ, ಫೋರ್ಡ್ ನಂತರ ಮೂರನೇ ಸ್ಥಾನಕ್ಕೆ ಬಂತು. 1970ರವರೆಗೂ ಅಲ್ಲೇ ಇತ್ತು.

ಜಿಟಿಒ: ನಿಯಮದ ಸಂದಿನಲ್ಲಿ ಹುಟ್ಟಿದ ಕಾರು

1963ರ ಜನವರಿಯಲ್ಲಿ ಜಿಎಂ ತನ್ನ ಎಲ್ಲ ವಿಭಾಗಗಳಿಗೂ ರೇಸಿಂಗ್ ನಿಲ್ಲಿಸಿ ಅಂತ ಖಡಕ್ ಆದೇಶ ಕೊಟ್ಟಿತು. ಪಾಂಟಿಯಾಕ್ ಹೆಸರು ಮಾಡಿದ್ದೇ ರೇಸಿಂಗ್‌ನಿಂದ. ಈಗ ಏನು ಮಾಡುವುದು? ಟ್ರ್ಯಾಕ್ ಮೇಲಿನ ವೇಗವನ್ನು ರಸ್ತೆಗೇ ತರಬೇಕು, ಅಷ್ಟೇ.

ಆಗ ಎಸ್ಟಿಸ್ ವಿಭಾಗದ ಮುಖ್ಯಸ್ಥರು. ಡಿಲೋರಿಯನ್ ಮುಖ್ಯ ಎಂಜಿನಿಯರ್. ಅವರ ತಂಡ ವಾರಾಂತ್ಯಗಳಲ್ಲಿ ಮಿಲ್‌ಫರ್ಡ್‌ನ ಪರೀಕ್ಷಾ ಮೈದಾನದಲ್ಲಿ ಸೇರಿ ಹೊಸ ಕಾರುಗಳನ್ನು ಓಡಿಸಿ ನೋಡುತ್ತಿತ್ತು. ಅಂತಹ ಒಂದು ದಿನ 1964ರ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರು ಅವರ ಮುಂದಿತ್ತು. ಅದರಲ್ಲಿ 326 ಘನ ಇಂಚಿನ ಎಂಜಿನ್. ದೊಡ್ಡ ಕಾರುಗಳಿಗೆ ಹಾಕುವ 389 ಎಂಜಿನ್, ಅಂದರೆ 6.4 ಲೀಟರಿನದು, ಹೊರಗಿನ ಅಳತೆಯಲ್ಲಿ ಇದರಷ್ಟೇ ಇದೆ, ಅದೇ ಜಾಗದಲ್ಲಿ ಸಲೀಸಾಗಿ ಕೂರುತ್ತದೆ ಎಂದವರು ಬಿಲ್ ಕಾಲಿನ್ಸ್ ಎಂಬ ಎಂಜಿನಿಯರ್. ಪಾಂಟಿಯಾಕ್ ವಿ8 ವಿನ್ಯಾಸವೇ ಹಾಗಿತ್ತು. ಸಿಲಿಂಡರ್ ಒಳಗೆ ಎಷ್ಟೇ ದೊಡ್ಡದಾದರೂ ಹೊರಗಿನ ಬ್ಲಾಕ್ ಗಾತ್ರ ಹೆಚ್ಚುಕಡಿಮೆ ಒಂದೇ. ಹೊಸ ಚಾಸಿಸ್ ಬೇಕಿಲ್ಲ, ಹೊಸ ಮೌಂಟಿಂಗ್ ಬೇಕಿಲ್ಲ. ಕೆಲವೇ ದಿನಗಳಲ್ಲಿ ಮಾದರಿ ಕಾರು ತಯಾರಾಯಿತು.

ತೊಡಕು ಇದ್ದದ್ದು ಕಂಪನಿಯ ನಿಯಮದಲ್ಲಿ. ಆ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ ಅಂತ ಜಿಎಂ ಹೇಳಿತ್ತು. ಹೊಸ ಮಾದರಿ ತಂದರೆ ಮೇಲಿನ ಸಮಿತಿಗೆ ಹೋಗಬೇಕು, ಅಲ್ಲಿ ಅದು ಬೀಳುವುದು ಖಚಿತ. ಆದರೆ ಇರುವ ಮಾದರಿಗೆ ಸೇರಿಸುವ ಆಪ್ಷನ್ ಪ್ಯಾಕೇಜಿಗೆ ಸಮಿತಿಯ ಒಪ್ಪಿಗೆ ಬೇಕಿರಲಿಲ್ಲ! ಹಾಗಾಗಿ ಜಿಟಿಒ ಹುಟ್ಟಿದ್ದು ಕಾರಾಗಿ ಅಲ್ಲ, ಟೆಂಪೆಸ್ಟ್‌ನ ಮೇಲ್ದರ್ಜೆಯ ರೂಪವಾದ ಲೆಮಾನ್ಸ್ ಕಾರಿನ ಮೇಲೆ 300 ಡಾಲರಿಗಿಂತ ಸ್ವಲ್ಪ ಕಡಿಮೆ ಕೊಟ್ಟರೆ ಸಿಗುವ ಒಂದು ಪ್ಯಾಕೇಜಾಗಿ. 325 ಅಶ್ವಶಕ್ತಿಯ ಎಂಜಿನ್, ಗಟ್ಟಿ ಸ್ಪ್ರಿಂಗು, ಬಲವಾದ ಕ್ಲಚ್, ಎರಡು ಸೈಲೆನ್ಸರ್, ನೆಲದಿಂದ ಎದ್ದ ಹರ್ಸ್ಟ್ ಗೇರ್ ಲಿವರ್. ಇನ್ನೂ ಸ್ವಲ್ಪ ದುಡ್ಡು ಕೊಟ್ಟರೆ ಮೂರು ಕಾರ್ಬ್ಯುರೇಟರಿನ ‘ಟ್ರೈ-ಪವರ್’, 348 ಅಶ್ವಶಕ್ತಿ. ಹೆಸರನ್ನು ಡಿಲೋರಿಯನ್ ಸೀದಾ ಫೆರಾರಿಯಿಂದ ಎತ್ತಿಕೊಂಡರು. ಫೆರಾರಿ ಅಭಿಮಾನಿಗಳು ಸಿಟ್ಟಾದರು.

ಒಪ್ಪಿಗೆ ಕೊಟ್ಟವರು ಎಸ್ಟಿಸ್. ಮೇಲಿನವರು ಸಿಡಿದಿದ್ದರೆ ಅವರ ಕೆಲಸಕ್ಕೇ ಕುತ್ತು ಬರುತ್ತಿತ್ತು. ಮಾರಾಟ ವಿಭಾಗದ ಫ್ರಾಂಕ್ ಬ್ರಿಜ್ ಅವರಿಗಂತೂ ನಂಬಿಕೆಯೇ ಇರಲಿಲ್ಲ. 5,000 ಕಾರು ಸಾಕು ಅಂತ ಮಿತಿ ಹಾಕಿದರು. ಮೇಲಧಿಕಾರಿಗಳ ಗಮನಕ್ಕೆ ಬರುವ ಹೊತ್ತಿಗೆ ಡೀಲರುಗಳಿಂದ ಆರ್ಡರ್ ಹರಿದು ಬಂದಿತ್ತು. ಇನ್ನು ನಿಲ್ಲಿಸುವ ಹಾಗಿರಲಿಲ್ಲ. 1964ರಲ್ಲಿ 32,450 ಜಿಟಿಒಗಳು ಹೋದವು. 1965ರಲ್ಲಿ 75,352. 1966ರಲ್ಲಿ 96,946.

ಜಾಹೀರಾತು ಏಜೆನ್ಸಿಯ ಜಿಮ್ ವ್ಯಾಂಗರ್ಸ್ ಪಾತ್ರವನ್ನೂ ಹೇಳಬೇಕು. ಅವರು ಸ್ವತಃ ಡ್ರ್ಯಾಗ್ ರೇಸ್ ಓಡಿಸುತ್ತಿದ್ದವರು. ವುಡ್‌ವರ್ಡ್ ಅವೆನ್ಯೂ ಮೇಲೆ ಶನಿವಾರ ರಾತ್ರಿ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ಪೈಪೋಟಿ ಓಡಿಸುತ್ತಿದ್ದ ಕಾಲ ಅದು. ಅವರಿಗೆ ಏನು ಬೇಕು ಅಂತ ವ್ಯಾಂಗರ್ಸ್‌ಗೆ ಒಳಗಿನಿಂದ ಗೊತ್ತಿತ್ತು. ಒಂದು ಪತ್ರಿಕೆಗೆ ಪರೀಕ್ಷೆಗೆಂದು ಕೊಟ್ಟ ಜಿಟಿಒದಲ್ಲಿ ಗುಟ್ಟಾಗಿ 421 ಘನ ಇಂಚಿನ ಎಂಜಿನ್ ಹಾಕಿಸಿದ್ದನ್ನು ಅವರು ದಶಕಗಳ ನಂತರ ಒಪ್ಪಿಕೊಂಡರು. ಅದು ತಪ್ಪು, ಓದುಗರಿಗೆ ಮಾಡಿದ ಮೋಸ. ಜಿಟಿಒ ಹೊಳಪನ್ನು ಹೊಗಳುವಾಗ ಇದನ್ನು ಮರೆಯಬಾರದು.

ಜಿಟಿಒ ನೋಡಿ ಓಲ್ಡ್ಸ್‌ಮೊಬೈಲ್ 442 ತಂದಿತು, ಬ್ಯೂಕ್ ಗ್ರಾನ್ ಸ್ಪೋರ್ಟ್ ತಂದಿತು, ಷೆವರ್ಲೆ ಷೆವೆಲ್ ಎಸ್ಎಸ್ ತಂದಿತು. ಕ್ರೈಸ್ಲರ್, ಫೋರ್ಡ್ ಸುಮ್ಮನಿರಲಿಲ್ಲ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್, ಹುಡುಗರ ಜೇಬಿಗೆ ನಿಲುಕುವ ಬೆಲೆ: ‘ಮಸಲ್ ಕಾರ್’ ಎನ್ನುವ ಇಡೀ ಪೀಳಿಗೆಗೆ ದಾರಿ ತೆರೆದದ್ದು ಈ ಪ್ಯಾಕೇಜ್. ಅದನ್ನು ಮಾಡಲು ಆದದ್ದು ಹೇಗೆ ಅಂತ ಗಮನಿಸಿ. ಎಂಜಿನ್ ಪಾಂಟಿಯಾಕ್‌ನದೇ. ಎಂಜಿನಿಯರುಗಳು ಅದರವರೇ. ಸಹಿ ಹಾಕುವ ಅಧಿಕಾರ ವಿಭಾಗದ ಮುಖ್ಯಸ್ಥರಿಗೇ ಇತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಜಿಟಿಒ ಕಾಗದದ ಮೇಲೇ ಉಳಿಯುತ್ತಿತ್ತು.

ಹಾಗಂತ ಆ ಕಾಲದಲ್ಲೂ ಪಾಂಟಿಯಾಕ್ ಕೇಳಿದ್ದೆಲ್ಲ ಸಿಗಲಿಲ್ಲ. ಡಿಲೋರಿಯನ್ ಅವರಿಗೆ ಬ್ಯಾನ್‌ಶೀ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬೇಕಿತ್ತು. ಮಾದರಿ ಕೂಡ ತಯಾರಾಗಿತ್ತು. ಷೆವರ್ಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ಗೆ ಪೈಪೋಟಿ ಆಗುತ್ತದೆ ಅಂತ ಜಿಎಂ ಬೇಡ ಎಂದಿತು. ಬದಲಿಗೆ ಷೆವರ್ಲೆ ಕಮಾರೊ ಕಾರಿನ ತಳ ಹಂಚಿಕೊಂಡು ಒಂದು ಕಾರು ಮಾಡಿ ಎಂದಿತು. 1967ರ ಫೈರ್‌ಬರ್ಡ್ ಬಂದದ್ದು ಹಾಗೆ. ಕಾರ್ವೆಟ್ ತಂಟೆಗೆ ಹೋಗಬೇಡಿ ಎನ್ನುವ ಈ ಮಾತು ಇಪ್ಪತ್ತು ವರ್ಷದ ನಂತರ ಇನ್ನೊಮ್ಮೆ ಎದುರಾಗುತ್ತದೆ.

ಬಿಸಿ ಆರಿದ ಎಪ್ಪತ್ತರ ದಶಕ

1969ರಲ್ಲಿ ಡಿಲೋರಿಯನ್ ಷೆವರ್ಲೆ ಮುಖ್ಯಸ್ಥರಾಗಿ ಹೋದರು. ಅದೇ ವರ್ಷ ಫೈರ್‌ಬರ್ಡ್‌ನ ಟ್ರಾನ್ಸ್ ಆಮ್ ಬಂತು. ಮೊದಲ ವರ್ಷ 697 ಮಾತ್ರ ತಯಾರಾದವು. ಆ ಹೊತ್ತಿಗೆ ಇನ್ಶೂರೆನ್ಸ್ ಕಂಪನಿಗಳು ವೇಗದ ಕಾರಿನ ಹುಡುಗರ ಮೇಲೆ ಕಂತು ಏರಿಸಿದ್ದವು. 1970ರಲ್ಲಿ ಹೊಗೆ ನಿಯಂತ್ರಣದ ಕಾನೂನು ಬಂತು. ಸೀಸ ಕಡಿಮೆ ಇರುವ ಪೆಟ್ರೋಲಿನಲ್ಲಿ ಓಡಲಿ ಅಂತ 1971ರಲ್ಲಿ ಜಿಎಂ ಎಲ್ಲ ಎಂಜಿನುಗಳ ಕಂಪ್ರೆಷನ್ ಇಳಿಸಿತು. 1973ರ ತೈಲ ಬಿಕ್ಕಟ್ಟು ಉಳಿದದ್ದನ್ನು ಮುಗಿಸಿತು. 1974ರ ಜಿಟಿಒ ಸಣ್ಣ ವೆಂಚುರಾ ಕಾರಿನ ಮೇಲೆ ಬಂದು, 7,058 ಮಾರಾಟವಾಗಿ, ನಿಂತಿತು.

ಎಲ್ಲರೂ ಕೈಬಿಟ್ಟ ಆ ಹೊತ್ತಿನಲ್ಲಿ ಪಾಂಟಿಯಾಕ್ ಟ್ರಾನ್ಸ್ ಆಮ್ ಬಿಡಲಿಲ್ಲ. ಇದು ನನಗೆ ತುಂಬಾ ಮೆಚ್ಚುಗೆಯಾಗುವ ವಿಷಯ. 1974ರ ನಂತರ ಷೆವರ್ಲೆ ಕಮಾರೊದ ವೇಗದ ರೂಪ ಝಡ್28 ನಿಲ್ಲಿಸಿತ್ತು. ಪಾಂಟಿಯಾಕ್‌ನವರು ಹೊಗೆ ಪರೀಕ್ಷೆಗೆ ಎಂಜಿನನ್ನು ಮತ್ತೆ ಮತ್ತೆ ತಿದ್ದಿ, ಬಾನೆಟ್ ತುಂಬ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ ಬರೆದು, ಕಾರನ್ನು ಉಳಿಸಿಕೊಂಡರು. 1977ರಲ್ಲಿ ಬರ್ಟ್ ರೆನಾಲ್ಡ್ಸ್ ಒಂದು ಸಿನಿಮಾದಲ್ಲಿ ಕಪ್ಪು ಟ್ರಾನ್ಸ್ ಆಮ್ ಓಡಿಸಿ, ಪೊಲೀಸರಿಂದ ತಪ್ಪಿಸಿಕೊಂಡು ಹೋದದ್ದೇ ತಡ, ಬೇಡಿಕೆ ಹಾರಿತು. 1979ರಲ್ಲಿ 1,17,000ಕ್ಕೂ ಹೆಚ್ಚು ಟ್ರಾನ್ಸ್ ಆಮ್‌ಗಳು ತಯಾರಾದವು. ಮೊದಲ ವರ್ಷದ 697ರ ಪಕ್ಕ ಇಟ್ಟು ನೋಡಿ.

ಆದರೆ ಬಾನೆಟ್ ಎತ್ತಿದರೆ ಬೇರೆ ಕತೆ. 1977ರಿಂದ ಕೆಲವು ಟ್ರಾನ್ಸ್ ಆಮ್‌ಗಳಲ್ಲಿ ಇದ್ದದ್ದು ಪಾಂಟಿಯಾಕ್‌ನ 400 ಎಂಜಿನ್ ಅಲ್ಲ, ಓಲ್ಡ್ಸ್‌ಮೊಬೈಲ್‌ನ 403. ಎರಡೂ 6.6 ಲೀಟರ್. ಗಾಳಿ ಒಳಗೆಳೆಯುವ ಸ್ಕೂಪ್ ಮೇಲೆ ‘ಟಿ/ಎ 6.6’ ಎಂದಿದ್ದರೆ ಒಳಗಿರುವುದು ಜೋರಿನ ಪಾಂಟಿಯಾಕ್ ಎಂಜಿನ್. ಓಲ್ಡ್ಸ್‌ಮೊಬೈಲ್ ಎಂಜಿನ್ ಇರುವ ಕಾರಿನ ಮೇಲೆ ‘6.6 ಲೀಟರ್’ ಅಂತಷ್ಟೇ ಇರುತ್ತಿತ್ತು. ಹಳೆಯ ಕಾರು ಕೊಳ್ಳುವವರು ಇವತ್ತಿಗೂ ಮೊದಲು ನೋಡುವುದು ಈ ಅಕ್ಷರಗಳನ್ನು. 1979ರ ಮ್ಯಾನುಯಲ್ ಗೇರಿನ ಕಾರುಗಳಿಗೆ ಹಾಕಿದ 400 ಎಂಜಿನುಗಳು ಮೊದಲೇ ಮಾಡಿಟ್ಟಿದ್ದ ದಾಸ್ತಾನು. 1981ರಲ್ಲಿ ಕೊನೆಯ ಪಾಂಟಿಯಾಕ್ ವಿ8, 4.9 ಲೀಟರಿನದು, ನಿಂತಿತು. 1982ರ ಹೊಸ ಫೈರ್‌ಬರ್ಡ್‌ಗೆ ಹಾಕಿದ ವಿ8 ಷೆವರ್ಲೆಯದು.

ಜಿಎಂ ಕಡೆಯಿಂದ ನೋಡಿದರೆ ಇದರಲ್ಲಿ ಅರ್ಥವಿದೆ. ಪ್ರತಿ ವಿಭಾಗದ ಪ್ರತಿ ಎಂಜಿನನ್ನೂ ಬೇರೆ ಬೇರೆಯಾಗಿ ಹೊಗೆ ಪರೀಕ್ಷೆಗೆ ಒಡ್ಡುವುದು ದುಬಾರಿ. ಮೈಲೇಜ್ ನಿಯಮವೂ ಬಂದಿತ್ತು. ಐದು ವಿ8 ಕುಟುಂಬಗಳನ್ನು ಸಾಕುವ ಕಾಲ ಮುಗಿದಿತ್ತು ನಿಜ. ಆದರೆ ಎಂಜಿನ್ ಹಂಚಿಕೊಂಡ ಮೇಲೆ ಒಂದು ಬ್ರ್ಯಾಂಡನ್ನು ಇನ್ನೊಂದರಿಂದ ಬೇರೆ ಮಾಡುವುದು ಏನು ಎನ್ನುವ ಪ್ರಶ್ನೆಗೆ ಕಂಪನಿ ಉತ್ತರ ಹುಡುಕಲೇ ಇಲ್ಲ.

1984, ಮತ್ತು ಫಿಯೆರೊ

1984ರಲ್ಲಿ ಜಿಎಂ ಅಧ್ಯಕ್ಷ ರೋಜರ್ ಸ್ಮಿತ್ ಇಡೀ ಕಂಪನಿಯನ್ನು ಎರಡು ದೊಡ್ಡ ಗುಂಪಾಗಿ ಕಟ್ಟಿದರು. ಷೆವರ್ಲೆ, ಪಾಂಟಿಯಾಕ್, ಕೆನಡಾ ಒಂದು ಗುಂಪು. ಬ್ಯೂಕ್, ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್ ಇನ್ನೊಂದು. ಎಂಜಿನಿಯರಿಂಗ್, ತಯಾರಿಕೆ ಎಲ್ಲ ಗುಂಪಿನ ಕೈಗೆ ಹೋಯಿತು. ವಿಭಾಗಗಳಿಗೆ ಉಳಿದದ್ದು ಮಾರುವ ಕೆಲಸ. ನನ್ನ ಮಟ್ಟಿಗೆ ಪಾಂಟಿಯಾಕ್ ಕತೆಯ ತಿರುವು ಇದೇ, 2009 ಅಲ್ಲ. ಡಿಲೋರಿಯನ್, ಕಾಲಿನ್ಸ್ ಅಂಥವರು ಎಂಜಿನ್ ಎತ್ತಿ ಇನ್ನೊಂದು ಕಾರಿಗೆ ಕೂರಿಸಿ ನೋಡುವ ಶೆಡ್ಡೇ ಈಗ ಪಾಂಟಿಯಾಕ್‌ಗೆ ಇರಲಿಲ್ಲ.

ಅದೇ ವರ್ಷ ಪಾಂಟಿಯಾಕ್‌ನ ಸ್ವಂತ ಎಂಜಿನಿಯರುಗಳು ಕಟ್ಟಿದ ಕೊನೆಯ ದೊಡ್ಡ ಕನಸು ರಸ್ತೆಗೆ ಬಂತು: ಫಿಯೆರೊ. ಎರಡು ಸೀಟು, ಸೀಟಿನ ಹಿಂದೆ ಎಂಜಿನ್, ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊರಮೈ. ಕೆಲಸ ಮುನ್ನಡೆಸಿದವರು ಟರ್ಕಿ ಮೂಲದ ಎಂಜಿನಿಯರ್ ಹುಲ್ಕಿ ಅಲ್ಡಿಕಾಚ್ತಿ. ಸ್ಪೋರ್ಟ್ಸ್ ಕಾರು ಅಂತ ಕೇಳಿದರೆ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ದಿನನಿತ್ಯ ಆಫೀಸಿಗೆ ಹೋಗಿಬರಲು ಕಡಿಮೆ ಪೆಟ್ರೋಲ್ ಕುಡಿಯುವ ಸಣ್ಣ ಕಾರು ಅಂತ ಹೇಳಿ ಒಪ್ಪಿಗೆ ಪಡೆದರು. ಜಿಟಿಒದ ಹಾಗೇ ನಿಯಮದ ಸಂದಿಯಲ್ಲಿ ನುಸುಳಿದ ಕಾರು. ಆದರೆ ಈ ಸಲ ಕೈಯಲ್ಲಿ ಜೋರಾದ ಎಂಜಿನ್ ಇರಲಿಲ್ಲ, ದುಡ್ಡೂ ಇರಲಿಲ್ಲ. ಮುಂದಿನ ಸಸ್ಪೆನ್ಷನ್ ಷೆವೆಟ್ ಎಂಬ ಅಗ್ಗದ ಕಾರಿನದು. ಹಿಂದಿನದು ಷೆವರ್ಲೆ ಸೈಟೇಷನ್ ಕುಟುಂಬದ ಮುಂಚಕ್ರದ ವ್ಯವಸ್ಥೆಯನ್ನು ಹಾಗೇ ಹಿಂದಕ್ಕೆ ಸಾಗಿಸಿದ್ದು. ಎಂಜಿನ್ ‘ಐರನ್ ಡ್ಯೂಕ್’ ಎಂಬ 2.5 ಲೀಟರಿನ ನಾಲ್ಕು ಸಿಲಿಂಡರ್, 92 ಅಶ್ವಶಕ್ತಿ. ನೋಡಲು ಇಟಲಿಯ ಕಾರಿನ ಹಾಗೆ, ಓಡಲು ಸಾಧಾರಣ.

ಆದರೂ ಮೊದಲ ವರ್ಷ 1,36,840 ಫಿಯೆರೊ ತಯಾರಾದವು. ಜನ ಎಷ್ಟು ಕಾದಿದ್ದರು ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ. ಆಮೇಲೆ ಬೆಂಕಿ ಶುರುವಾಯಿತು. ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳಲ್ಲಿ ಕೆಲವು ಸರಿಯಾಗಿ ಎರಕವಾಗಿರಲಿಲ್ಲ. ಆಯಿಲ್ ಹಿಡಿಯುವ ಪ್ರಮಾಣವೂ ಕಡಿಮೆ. ಆಯಿಲ್ ಇಳಿದಾಗ ರಾಡ್ ಮುರಿದು ಬ್ಲಾಕ್ ಒಡೆಯುತ್ತಿತ್ತು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಚೆಲ್ಲಿ ಹೊತ್ತಿಕೊಳ್ಳುತ್ತಿತ್ತು. 1987ರಲ್ಲಿ 1984ರ ಕಾರುಗಳನ್ನು ವಾಪಸ್ ಕರೆಸಿದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು.

ಇದಕ್ಕಿಂತ ನೋವಿನ ವಿಷಯ ಮುಂದಿದೆ. 1985ಕ್ಕೆ ವಿ6 ಬಂತು. 1988ಕ್ಕೆ ಫಿಯೆರೊಗೆಂದೇ ಮಾಡಿದ ಹೊಸ ಸಸ್ಪೆನ್ಷನ್ ಬಂತು. ಎಂಜಿನಿಯರುಗಳು ಮೊದಲ ದಿನದಿಂದ ಕೇಳಿದ್ದ ಕಾರು ಕೊನೆಗೂ ತಯಾರಾಗಿತ್ತು. ಅದೇ ವರ್ಷ ಜಿಎಂ ಫಿಯೆರೊ ನಿಲ್ಲಿಸಿತು. ಎರಡು ಸೀಟಿನ ಕಾರುಗಳ ಮಾರುಕಟ್ಟೆ ಕುಗ್ಗಿದೆ ಎನ್ನುವ ಕಾರಣ ಕೊಟ್ಟರು. ಅದು ಸುಳ್ಳಲ್ಲ. ಆದರೆ ಇನ್ನೂ ಜೋರಾದ ಫಿಯೆರೊ ಮತ್ತೆ ಕಾರ್ವೆಟ್ ಪಕ್ಕ ಬಂದು ನಿಲ್ಲುತ್ತಿತ್ತು ಎನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಪ್ಲಾಸ್ಟಿಕ್ ಹೊದಿಕೆಯ ವರ್ಷಗಳು

ಈ ಹೊತ್ತಿನ ಘೋಷಣೆ ‘ನಾವು ಕಟ್ಟುವುದು ಉತ್ಸಾಹವನ್ನು’ ಎನ್ನುವ ಅರ್ಥದ್ದು. ಕೇಳಲು ಚೆನ್ನಾಗಿತ್ತು, ಮಾರಾಟವೂ ಆಗುತ್ತಿತ್ತು. ಗ್ರಾಂಡ್ ಆಮ್ ಕಾರು 1990ರ ದಶಕದಲ್ಲಿ ವರ್ಷಕ್ಕೆ 2 ಲಕ್ಷದ ಆಸುಪಾಸು ಹೋಗುತ್ತಿತ್ತು. ಆದರೆ ಅದರ ಒಳಗಿನ ಕಾರು ಬ್ಯೂಕ್, ಓಲ್ಡ್ಸ್‌ಮೊಬೈಲ್ ಅಂಗಡಿಗಳಲ್ಲೂ ಬೇರೆ ಹೆಸರಿನಲ್ಲಿ ಸಿಗುತ್ತಿತ್ತು. ವ್ಯತ್ಯಾಸ ತೋರಿಸಲು ಬಾಗಿಲಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ, ಹಿಂದೆ ಒಂದು ಸ್ಪಾಯ್ಲರ್, ಕೆಂಪು ದೀಪದ ಡ್ಯಾಶ್‌ಬೋರ್ಡ್. 1989ರ ಅತಿ ವೇಗದ ಟ್ರಾನ್ಸ್ ಆಮ್ ಒಳಗಿದ್ದದ್ದು ಬ್ಯೂಕ್‌ನ ಟರ್ಬೊ ವಿ6.

ಹೆಸರುಗಳನ್ನು ಹೇಗೆ ಖರ್ಚು ಮಾಡಿದರು ನೋಡಿ. 1964ರಲ್ಲಿ ಜಿಟಿಒ ಹುಟ್ಟಿದ್ದು ಲೆಮಾನ್ಸ್ ಕಾರಿನ ಮೇಲೆ. 1988ರಲ್ಲಿ ಅದೇ ಲೆಮಾನ್ಸ್ ಹೆಸರನ್ನು ಕೊರಿಯಾದ ಡೇವೂ ಕಟ್ಟಿದ ಒಂದು ಅಗ್ಗದ ಸಣ್ಣ ಕಾರಿಗೆ ಅಂಟಿಸಿದರು. ಅದು ಜರ್ಮನಿಯ ಓಪೆಲ್ ಕಡೆಟ್ ವಿನ್ಯಾಸ. ನಮ್ಮಲ್ಲಿ 1990ರ ದಶಕದಲ್ಲಿ ಓಡಾಡಿದ ಡೇವೂ ಸಿಯೆಲೊ ನೆನಪಿದೆಯಾ? ಅದೂ ಇದೇ ವಂಶದ್ದು. ಸಿಯೆಲೊ ತನ್ನ ಮಟ್ಟಿಗೆ ಒಳ್ಳೆಯ ಕುಟುಂಬದ ಕಾರೇ. ಆದರೆ ಲೆಮಾನ್ಸ್ ಅಂದರೆ ಏನು ಅಂತ ಗೊತ್ತಿದ್ದ ಅಮೆರಿಕದವನಿಗೆ ಶೋರೂಮಿನಲ್ಲಿ ಅದನ್ನು ನೋಡಿ ಏನನಿಸಿರಬೇಕು!

2001ರ ಮಾದರಿಯಾಗಿ ಆಜ್‌ಟೆಕ್ ಬಂತು. ಮಿನಿವ್ಯಾನ್ ತಳದ ಮೇಲೆ ಕಟ್ಟಿದ ಈ ಎಸ್‌ಯುವಿಯ ರೂಪವನ್ನು ಅಮೆರಿಕದಲ್ಲಿ ಈಗಲೂ ಜನ ಆಡಿಕೊಳ್ಳುತ್ತಾರೆ. ಅದರ ಒಳಗಿನ ಯೋಚನೆ ಕೆಟ್ಟದಾಗಿರಲಿಲ್ಲ. ಹಿಂದೆ ಟೆಂಟ್ ಕಟ್ಟಬಹುದು, ನಡುವೆ ತೆಗೆದಿಡಬಹುದಾದ ತಣ್ಣನೆ ಪೆಟ್ಟಿಗೆ. ಇಂದಿನ ಕ್ರಾಸ್‌ಓವರ್‌ಗಳ ಕಲ್ಪನೆಯೇ ಅದು. ಆದರೆ ಮಿನಿವ್ಯಾನ್ ತಳವನ್ನೇ ಬಳಸಬೇಕು ಎನ್ನುವ ಒತ್ತಾಯದಿಂದ ಅಳತೆಗಳೆಲ್ಲ ಕೆಟ್ಟವು. ವೇಗದ ಬ್ರ್ಯಾಂಡಿಗೆ ಈ ಗಾಡಿ ಯಾಕೆ ಎನ್ನುವ ಪ್ರಶ್ನೆಗಂತೂ ಉತ್ತರವೇ ಇರಲಿಲ್ಲ. ಮರುವರ್ಷ, 2002ರಲ್ಲಿ, ಫೈರ್‌ಬರ್ಡ್ ಕೂಡ ನಿಂತುಹೋಯಿತು.

ತಡವಾಗಿ ಬಂದ ಒಳ್ಳೆಯ ಕಾರುಗಳು

2001ರಲ್ಲಿ ಜಿಎಂಗೆ ಬಂದ ಬಾಬ್ ಲಟ್ಜ್ ಕಾರು ಪ್ರೀತಿಸುವ ಮನುಷ್ಯ. ಮೊದಲು ಪ್ಲಾಸ್ಟಿಕ್ ಹೊದಿಕೆ ಕಿತ್ತು ಹಾಕಿಸಿದರು. ಆಮೇಲೆ ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಕಾರನ್ನು ತಂದು 2004ರಲ್ಲಿ ಜಿಟಿಒ ಹೆಸರಿನಲ್ಲಿ ಬಿಟ್ಟರು. 350 ಅಶ್ವಶಕ್ತಿ, ಮರುವರ್ಷ 400. ಓಡಿಸಲು ಸೊಗಸು. ಆದರೆ ನೋಡಲು ಜಿಟಿಒ ಅನಿಸುತ್ತಿರಲಿಲ್ಲ, ಆಸ್ಟ್ರೇಲಿಯಾದ ಡಾಲರ್ ಏರಿ ಬೆಲೆಯೂ ಏರಿತು. ಮೂರು ವರ್ಷದಲ್ಲಿ 40,808 ಕಾರು. ಹಿಂದೆ 1966ರ ಒಂದೇ ವರ್ಷ ಅದರ ಎರಡು ಪಟ್ಟಿಗೂ ಮೀರಿ ಹೋಗಿತ್ತು.

2006ಕ್ಕೆ ಸೋಲ್‌ಸ್ಟಿಸ್ ಬಂತು. ಡಿಲೋರಿಯನ್ 1964ರಲ್ಲಿ ಕೇಳಿದ್ದ ಎರಡು ಸೀಟಿನ, ಮೇಲ್ಛಾವಣಿ ತೆಗೆಯುವ ಕಾರು 42 ವರ್ಷದ ನಂತರ ಸಿಕ್ಕಿತು ಎನ್ನಬಹುದು. 2008ಕ್ಕೆ ಜಿ8 ಬಂತು. ಇದೂ ಆಸ್ಟ್ರೇಲಿಯಾದ್ದೇ, ಹೋಲ್ಡನ್ ಕಮಡೋರ್. ಹಿಂಚಕ್ರ ಚಾಲನೆ, ನಾಲ್ಕು ಬಾಗಿಲು, 6 ಲೀಟರಿನ ವಿ8, 361 ಅಶ್ವಶಕ್ತಿ. ಆಮೇಲೆ ಬಂದ ಅದರ ಇನ್ನೂ ಜೋರಿನ ರೂಪ ಜಿಎಕ್ಸ್‌ಪಿಯಲ್ಲಿ 415. ಪರೀಕ್ಷೆ ಮಾಡಿದ ಪತ್ರಿಕೆಗಳು ಅದನ್ನು ದುಬಾರಿ ಜರ್ಮನ್ ಕಾರುಗಳ ಪಕ್ಕ ಇಟ್ಟು ಮಾತಾಡಿದವು. ಇಪ್ಪತ್ತೈದು ವರ್ಷದಲ್ಲಿ ಪಾಂಟಿಯಾಕ್ ಹೆಸರಿಗೆ ಒಪ್ಪುವ ಅತಿ ಒಳ್ಳೆಯ ಕಾರು ಅದು ಎನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಬಂದದ್ದು ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿದ ಬೇಸಿಗೆಯ ಹೊಸ್ತಿಲಲ್ಲಿ.

ಅದೇ ಶೋರೂಮಿನಲ್ಲಿ ಜಿ8 ಪಕ್ಕ ಜಿ5 ನಿಂತಿತ್ತು. ಅದು ಷೆವರ್ಲೆ ಕೋಬಾಲ್ಟ್. 2009ಕ್ಕೆ ಜಿ3 ಬಂತು. ಅದು ನಮ್ಮಲ್ಲೂ ಮಾರಾಟವಾದ ಷೆವರ್ಲೆ ಅವಿಯೋ ಕುಟುಂಬದ್ದು. ವೈಬ್ ಕಾರು ಟೊಯೊಟಾ ಮ್ಯಾಟ್ರಿಕ್ಸ್‌ನ ಅವಳಿ. ಒಂದು ಕೈಯಲ್ಲಿ ಬ್ರ್ಯಾಂಡ್ ಕಟ್ಟುತ್ತಾ, ಇನ್ನೊಂದು ಕೈಯಲ್ಲಿ ಡೀಲರುಗಳಿಗೆ ಅಗ್ಗದ ಕಾರು ಬೇಕು ಅಂತ ಅದನ್ನೇ ಕೆಡವುತ್ತಾ ಇದ್ದರು.

ಮುಚ್ಚಿದ ಲೆಕ್ಕ

ಮೊದಲೇ ಪಾಂಟಿಯಾಕನ್ನು ಸಣ್ಣದಾಗಿಸಿ ಎರಡು ಮೂರು ಒಳ್ಳೆಯ ಕಾರು ಮಾತ್ರ ಮಾರಬಹುದಿತ್ತಲ್ಲ ಅಂತ ಕೇಳಬಹುದು. ದಾರಿಯಲ್ಲಿ ಡೀಲರ್ ಕಾನೂನು ಅಡ್ಡ ಇತ್ತು. ಅಮೆರಿಕದ ರಾಜ್ಯಗಳ ಕಾನೂನು ಡೀಲರುಗಳ ಪರ ತುಂಬಾ ಬಿಗಿ. ಓಲ್ಡ್ಸ್‌ಮೊಬೈಲ್ ಮುಚ್ಚುವುದಾಗಿ ಜಿಎಂ 2000ದ ಡಿಸೆಂಬರಿನಲ್ಲಿ ಹೇಳಿತು, ಮುಗಿಸುವಾಗ 2004 ಆಗಿತ್ತು. ಡೀಲರುಗಳಿಗೆ ಪರಿಹಾರವಾಗಿ 100 ಕೋಟಿ ಡಾಲರಿಗೂ ಹೆಚ್ಚು ಹೋಯಿತು. ಇನ್ನೊಂದು ಬ್ರ್ಯಾಂಡಿಗೆ ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

2008ರ ಡಿಸೆಂಬರಿನಲ್ಲಿ ಸಾಲ ಕೇಳಲು ಅಮೆರಿಕದ ಸಂಸತ್ತಿಗೆ ಹೋದಾಗ ಜಿಎಂ ನಾಲ್ಕು ಬ್ರ್ಯಾಂಡುಗಳೇ ತನ್ನ ತಿರುಳು ಎಂದಿತು: ಷೆವರ್ಲೆ, ಕ್ಯಾಡಿಲಾಕ್, ಬ್ಯೂಕ್, ಜಿಎಂಸಿ. ಪಾಂಟಿಯಾಕ್ ಕೆಲವೇ ಮಾದರಿಗಳ ಸಣ್ಣ ಬ್ರ್ಯಾಂಡಾಗಿ ಉಳಿಯಲಿ ಎಂದಿತು. 2009ರ ಮಾರ್ಚ್ 30ರಂದು ಒಬಾಮ ಸರ್ಕಾರ ಆ ಯೋಜನೆ ಸಾಲದು ಅಂತ ವಾಪಸ್ ಕಳಿಸಿತು. ಮುಖ್ಯಸ್ಥ ರಿಕ್ ವ್ಯಾಗನರ್ ಕೆಳಗಿಳಿದರು. ನಾಲ್ಕು ವಾರದಲ್ಲಿ ಬಂದ ಹೊಸ ಯೋಜನೆಯಲ್ಲಿ ಪಾಂಟಿಯಾಕ್ ಇರಲಿಲ್ಲ. ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ದಿವಾಳಿ ನ್ಯಾಯಾಲಯದ ನೆರಳಿನಲ್ಲಿ ಡೀಲರ್ ಒಪ್ಪಂದಗಳನ್ನು ಕೈಬಿಡುವುದು ಸುಲಭವಾಗಿತ್ತು.

ಬ್ಯೂಕ್ ಯಾಕೆ ಉಳಿಯಿತು? ಚೀನಾದಲ್ಲಿ ಅದು ದೊಡ್ಡ ಹೆಸರು. ಅಮೆರಿಕಕ್ಕಿಂತ ಅಲ್ಲಿ ಜಾಸ್ತಿ ಮಾರುತ್ತಿತ್ತು. ಪಾಂಟಿಯಾಕ್‌ಗೆ ಉತ್ತರ ಅಮೆರಿಕದ ಹೊರಗೆ ಅಂಥ ಮಾರುಕಟ್ಟೆ ಇರಲಿಲ್ಲ. 2,67,000 ಕಾರು ಹೋಗುತ್ತಿತ್ತು ನಿಜ, ಆದರೆ ಅದರಲ್ಲಿ ದೊಡ್ಡ ಪಾಲು ಬಾಡಿಗೆ ಕಾರು ಕಂಪನಿಗಳಿಗೂ ರಿಯಾಯಿತಿ ನೋಡಿ ಬರುವವರಿಗೂ. ಆ ಗಿರಾಕಿಗಳಿಗೆ ಷೆವರ್ಲೆಯೂ ಅಷ್ಟೇ, ಪಾಂಟಿಯಾಕೂ ಅಷ್ಟೇ. ಬ್ರ್ಯಾಂಡ್ ಮುಚ್ಚಿದರೆ ಅವರು ಪಕ್ಕದ ಶೋರೂಮಿಗೆ ಹೋಗುತ್ತಾರೆ ಎನ್ನುವುದು ಲೆಕ್ಕಾಚಾರ.

2009ರ ನವೆಂಬರಿನಲ್ಲಿ ಮಿಶಿಗನ್‌ನ ಓರಿಯನ್ ಕಾರ್ಖಾನೆಯಿಂದ ಬಿಳಿ ಬಣ್ಣದ ಒಂದು ಜಿ6 ಸೆಡಾನ್ ಕಾರು ಹೊರಬಂದಾಗ ಅಮೆರಿಕದಲ್ಲಿ ಪಾಂಟಿಯಾಕ್ ತಯಾರಿಕೆ ಹೆಚ್ಚುಕಡಿಮೆ ಮುಗಿಯಿತು. 2010ರ ಅಕ್ಟೋಬರ್ 31ಕ್ಕೆ ಡೀಲರ್ ಒಪ್ಪಂದಗಳೂ ಮುಗಿದವು.

2009ರಲ್ಲಿ ಆ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಪಾಂಟಿಯಾಕ್ ಮುಚ್ಚುತ್ತಿದ್ದರು. ನಾನು ಕೂತಿದ್ದರೂ ಅದನ್ನೇ ಮಾಡುತ್ತಿದ್ದೆ ಅನಿಸುತ್ತದೆ. ಉಳಿಸಬಹುದಾಗಿದ್ದ ದಿನ 1988ರಲ್ಲೇ ಇತ್ತು. ಆಗ ಸರಿಯಾದ ಫಿಯೆರೊ ತಯಾರಾಗಿತ್ತು, ಟ್ರಾನ್ಸ್ ಆಮ್ ಓಡುತ್ತಿತ್ತು, ಜಿಟಿಒ ಓಡಿಸಿದ್ದ ಪೀಳಿಗೆಗೆ ನಲವತ್ತರ ವಯಸ್ಸು, ಕೈಯಲ್ಲಿ ದುಡ್ಡಿತ್ತು. ಒಂದು ಸಣ್ಣ ಎಂಜಿನಿಯರಿಂಗ್ ತಂಡವನ್ನು ಪಾಂಟಿಯಾಕ್ ಕೈಗೇ ವಾಪಸ್ ಕೊಟ್ಟು, ಗ್ರಾಂಡ್ ಆಮ್ ದುಡ್ಡಿನಲ್ಲಿ ಆ ಎರಡು ಕಾರುಗಳನ್ನು ಬೆಳೆಸಬಹುದಿತ್ತು. ಜಿಎಂ ಗ್ರಾಂಡ್ ಆಮ್ ಇಟ್ಟುಕೊಂಡು ಫಿಯೆರೊ ಬಿಟ್ಟಿತು. ಜಿ8 ಕಾರೇ ಬೇಡವಾಗಿತ್ತು ಎನ್ನಲಂತೂ ಆಗದು. ಅದೇ ತಳದ ಮುಂದಿನ ಪೀಳಿಗೆಯನ್ನು ಜಿಎಂ ಷೆವರ್ಲೆ ಎಸ್ಎಸ್ ಎಂಬ ಹೆಸರಿನಲ್ಲಿ 2014ರಿಂದ 2017ರವರೆಗೆ ಅಮೆರಿಕದಲ್ಲೇ ಮಾರಿತು.